ಪುಣೆಯ ಗತಕಾಲ: ಮನೆಮಂದಿಯೊಡನೆ ಒಂದು ವಸ್ತುಸಂಗ್ರಹಾಲಯ ದರ್ಶನ

ಊರಿನಿಂದ ಬಂಧುಗಳು ಪುಣೆಗೆ ಬಂದಾಗ ಅವರನ್ನು ಶನಿವಾರವಾಡೆಗೂ ಪರ್ವತಿಗೂ ಸಿಂಹಗಡಕ್ಕೂ ಕರೆದೊಯ್ಯುವುದು ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ರೂಢಿ. ವೇಳೆ ಮಿಕ್ಕಿದರೆ ಬಾಜೀರಾವ್ ರಸ್ತೆಯ ಕಡೆಗೆ ತಿರುಗಿ, ಶುಕ್ರವಾರ ಪೇಟೆಯಲ್ಲಿರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವನ್ನೂ ಒಂದು ಸುತ್ತು ನೋಡಿ ಬರುವುದುಂಟು. ಮಕ್ಕಳು ಗಾಜಿನ ಪೆಟ್ಟಿಗೆಗಳ ಮುಂದೆ ಓಡುತ್ತಾರೆ. ಹಿರಿಯರು ಮೊಣಕಾಲು ನೋವೆಂದು ಕುಳಿತುಕೊಳ್ಳಲು ಸ್ಥಳ ಹುಡುಕುತ್ತಾರೆ. ನಡುವಯಸ್ಸಿನವರು ಗಡಿಯಾರ ನೋಡುತ್ತಾರೆ. ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿದು, ಹೊರಗೆ ಬಂದು ಕಬ್ಬಿನ ಹಾಲು ಕುಡಿದುದಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಇಂತಹ ಭೇಟಿ ನೋಟವಾಗಬಹುದೇ ಹೊರತು ಅಭ್ಯಾಸವಾಗಲಾರದು.

ಇದನ್ನು ಅಭ್ಯಾಸವಾಗಿ ಮಾಡುವ ಬಗೆ ಯಾವುದು, ಹಿರಿಯರಿಗೂ ಕಿರಿಯರಿಗೂ ದಣಿವಾಗದಂತೆ ಅದನ್ನು ನಡೆಸುವುದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ. ಇದರ ಹಿಂದೆ ಒಂದು ಆತಂಕವೂ ಇದೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಆ ಮನೆಯ ಕನ್ನಡವಾದರೂ ‘ಊಟ ಮಾಡು, ಸ್ನಾನ ಮಾಡು, ಅಭ್ಯಾಸ ಮಾಡು’ ಎಂಬಷ್ಟಕ್ಕೆ ಇಳಿಯುತ್ತಿದೆ. ವಸ್ತುವೊಂದು ಮನೆಯಿಂದ ಹೊರಟರೆ ಅದರ ಹೆಸರೂ ಅದರೊಂದಿಗೆ ಹೊರಟುಹೋಗುತ್ತದೆ. ಒರಳು, ಒನಕೆ, ಹಂಡೆ, ಅಡಕೊತ್ತು, ಸಮೆ ಮುಂತಾದುವು ನಮ್ಮ ಎರಡು ಕೋಣೆಯ ಮನೆಗಳಿಂದ ಎಂದೋ ಹೊರಟುಹೋಗಿವೆ. ಅವುಗಳ ಹೆಸರು ಮಾತ್ರ ಇನ್ನೂ ಅಜ್ಜ ಅಜ್ಜಿಯರ ನಾಲಗೆಯ ಮೇಲಿದೆ. ಆ ವಸ್ತುಗಳೂ ಆ ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ಕಡೆ ಕೂಡುವಂತಹ ಜಾಗ ಈ ನಗರದಲ್ಲಿ ಇರುವುದು ಕೇಳಕರ ಸಂಗ್ರಹಾಲಯವೊಂದೇ ಎಂದರೆ ಹೆಚ್ಚಲ್ಲ.

ಮೊದಲು ಕಾಲದ ಪರಿಚಯ. ನಮ್ಮ ದೇಶದ ಚರಿತ್ರೆಯಲ್ಲಿ ಮಧ್ಯಯುಗವೆಂದರೆ ಸುಮಾರು 8ನೆಯ ಶತಮಾನದಿಂದ 18ನೆಯ ಶತಮಾನದವರೆಗಿನ ದೀರ್ಘಾವಧಿ. ಪುಣೆಯ ಹೆಸರು ಲಿಖಿತವಾಗಿ ಕಾಣತೊಡಗುವುದು ಈ ಅವಧಿಯ ಆದಿಯಲ್ಲಿಯೇ. ತಳೇಗಾವ ತಾಮ್ರಶಾಸನವೆಂದು ಪ್ರಸಿದ್ಧವಾಗಿರುವ ಶಕವರ್ಷ 690ರ, ಅಂದರೆ ಕ್ರಿ.ಶ. 768ರ ದಾನಪತ್ರದಲ್ಲಿ ‘ಪುನಕ ವಿಷಯ’ ಎಂಬ ಉಲ್ಲೇಖವಿದೆ. ವಿಷಯವೆಂದರೆ ಜಿಲ್ಲೆ. ದಾನವನ್ನು ಕೊಟ್ಟವನು ರಾಷ್ಟ್ರಕೂಟ ಚಕ್ರವರ್ತಿ ಒಂದನೆಯ ಕೃಷ್ಣ, ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಸಿದವನೆಂದು ಖ್ಯಾತನಾದವನು. ಆಗ ಆತ ಗಂಗರ ಮೇಲೆ ದಂಡೆತ್ತಿ ಹೋಗಿ ಮಣ್ಣೆಯಲ್ಲಿ ಬೀಡುಬಿಟ್ಟಿದ್ದ. ಈ ಮಣ್ಣೆ ಇಂದಿನ ನೆಲಮಂಗಲ ತಾಲ್ಲೂಕಿನ ಒಂದು ಹಳ್ಳಿ, ಅಂದಿನ ಮಾನ್ಯಪುರ. ಬೆಂಗಳೂರಿನ ಬಳಿಯ ಪಾಳೆಯದಲ್ಲಿ ಕುಳಿತು ಪುಣೆಯ ಸೀಮೆಯ ಊರೊಂದನ್ನು ದಾನ ಮಾಡಿದ ಅರಸನ ಶಾಸನದಲ್ಲಿ ಈ ನಗರದ ಹೆಸರಿನ ಬೇರು ನಮಗೆ ದೊರೆಯುತ್ತದೆ. ಇದನ್ನು ಕೇಳಿ ಎದೆಯುಬ್ಬಿಸಿ ನೆರೆಯವರೊಡನೆ ವಾದಕ್ಕೆ ನಿಲ್ಲಬೇಕಾಗಿಲ್ಲ. ಅಂದಿನ ಅರಸರಿಗೆ ಭಾಷೆಯ ಗಡಿಗೆರೆಗಳು ಇರಲಿಲ್ಲ. ಆದರೆ ‘ನಾವು ಇಲ್ಲಿಗೆ ಹೊರಗಿನಿಂದ ಬಂದವರಲ್ಲವೇ?’ ಎಂದು ಕೇಳುವ ಮಗುವಿಗೆ ಹೇಳಲು ಇದೊಂದು ಒಳ್ಳೆಯ ಕಥೆ.

ಅದೇ ಕಾಲದ ಕಲ್ಲಿನ ಸಾಕ್ಷಿಯನ್ನು ನೋಡಬೇಕೆಂದರೆ ಶಿವಾಜಿನಗರದ ಜಂಗಲಿ ಮಹಾರಾಜ ರಸ್ತೆಯಲ್ಲಿರುವ ಪಾತಾಳೇಶ್ವರಕ್ಕೆ ಹೋಗಬೇಕು. ಕಪ್ಪು ಬಸಾಲ್ಟ್ ಬಂಡೆಯಲ್ಲಿ ಕೊರೆದ ಈ ಗುಹಾಲಯ ರಾಷ್ಟ್ರಕೂಟರ ಕಾಲದ್ದು, 8ನೆಯ ಶತಮಾನದ್ದು ಎಂದು ಎಣಿಕೆ. ಮುಂದೆ ಅದೇ ಬಂಡೆಯಲ್ಲಿ ಬಿಡಿಸಿದ, ಕೊಡೆಯಂತೆ ಚಪ್ಪಟೆ ಛಾವಣಿಯುಳ್ಳ ದುಂಡನೆಯ ನಂದಿಮಂಟಪ. ಒಳಗೆ ಚೌಕನೆಯ ದಪ್ಪ ಕಂಬಗಳು. ಅಲಂಕಾರ ಅತ್ಯಲ್ಪ, ಕೆಲಸ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಎಲ್ಲೋರವನ್ನು ನೋಡಿದವರಿಗೆ ಇದು ಸಪ್ಪೆಯೆನಿಸೀತು. ಆದರೂ ಉಳಿಯ ಗುರುತುಗಳ ಮೇಲೆ ಮಕ್ಕಳು ಬೆರಳಾಡಿಸುವುದನ್ನು ನೋಡಿದರೆ, ಪುಸ್ತಕದ ಹತ್ತು ಪುಟಗಳಿಗಿಂತ ಇದು ಮೇಲೆಂದು ತೋರುತ್ತದೆ.

ನಡುವಣ ಶತಮಾನಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. 1630ರಲ್ಲಿ ಬಿಜಾಪುರದ ಆದಿಲಶಾಹಿಯ ಸರದಾರ ಮುರಾರ ಜಗದೇವ ಪುಣೆಯನ್ನು ನೆಲಸಮಗೊಳಿಸಿ ಕತ್ತೆಗಳಿಂದ ಉಳಿಸಿದನೆಂದು ಪ್ರಸಿದ್ಧಿ. ಕೆಲವೇ ವರ್ಷಗಳಲ್ಲಿ ಅದೇ ಆದಿಲಶಾಹಿಯ ಸೇವೆಗೆ ಸೇರಿದ ಶಹಾಜಿ 1638ರ ಅನಂತರ ಬೆಂಗಳೂರಿನಲ್ಲಿ ನೆಲೆಸಿದ. ಪುಣೆಯ ಜಹಗೀರಿಯಲ್ಲಿ ಜೀಜಾಬಾಯಿಯೂ ಬಾಲಕ ಶಿವಾಜಿಯೂ ಊರನ್ನು ಮತ್ತೆ ಎತ್ತಿ ನಿಲ್ಲಿಸಿದರು. ಶಹಾಜಿಯ ಸಮಾಧಿ ಇರುವುದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಪೇಶ್ವೆ ಒಂದನೆಯ ಬಾಜೀರಾಯ ಶನಿವಾರವಾಡೆಗೆ ಅಡಿಗಲ್ಲಿಟ್ಟುದು 1730ರಲ್ಲಿ. 1828ರ ಬೆಂಕಿಯಲ್ಲಿ ಅದರ ಮರದ ಮಾಳಿಗೆಗಳೆಲ್ಲ ಉರಿದುಹೋದವು. ಹೀಗಾಗಿ ಕೋಟೆಯ ಗೋಡೆಯೂ ಬಾಗಿಲುಗಳೂ ಉಳಿದಿವೆ. ಒಳಗಿನ ಬದುಕು ಉಳಿದಿಲ್ಲ. ಆ ಬದುಕನ್ನು ಕಾಣಲು ಕೇಳಕರರ ಬಾಗಿಲಿಗೆ ಬರಬೇಕು.

ಸಂಗ್ರಹಾಲಯದ ಹೆಸರಿನ ಆದಿಯಲ್ಲಿರುವ ‘ರಾಜಾ’ ಎಂಬುದನ್ನು ಕಂಡು ಇದು ಯಾವುದೋ ಸಂಸ್ಥಾನಿಕರ ಸಂಪತ್ತೆಂದು ಭಾವಿಸುವವರು ಹಲವರು. ಹಾಗಲ್ಲ. ರಾಜಾ ಎಂಬುದು ಎಳವೆಯಲ್ಲಿಯೇ ತೀರಿಕೊಂಡ ಮಗನ ಹೆಸರು. ತಂದೆ ದಿನಕರ ಗಂಗಾಧರ ಕೇಳಕರರು (1896-1990) ‘ಅಜ್ಞಾತವಾಸಿ’ ಎಂಬ ಕಾವ್ಯನಾಮದಿಂದ ಮರಾಠಿಯಲ್ಲಿ ಕವಿತೆ ಬರೆದವರು, ಧನಿಕರೇನೂ ಅಲ್ಲ. 1920ರ ಸುಮಾರಿಗೆ ಆರಂಭವಾದ ಅವರ ಸಂಗ್ರಹದ ಗೀಳು ಮುಂದೆ ಪುತ್ರಶೋಕಕ್ಕೆ ಉತ್ತರವೆಂಬಂತೆ ಬೆಳೆಯಿತು. ಪತ್ನಿ ಕಮಲಾಬಾಯಿಯವರೂ ಜೊತೆಯಾದರು. ಖಡ್ಗ, ಕಿರೀಟ, ಸಿಂಹಾಸನಗಳನ್ನು ಅರಸುವವರು ಬಹಳ. ಕೇಳಕರರು ಅರಸಿದ್ದು ದೀಪ, ಬೀಗ, ಮಸಿಕುಡಿಕೆ, ಬಾಚಣಿಗೆ, ಸುಣ್ಣದ ಡಬ್ಬಿ, ಸೌಟುಗಳನ್ನು. 1960ರ ಹೊತ್ತಿಗೆ ಸುಮಾರು 15,000 ವಸ್ತುಗಳು ಸೇರಿದ್ದುವು. 1975ರಲ್ಲಿ ಅವರು ಈ ಸಂಗ್ರಹವನ್ನು ಮಹಾರಾಷ್ಟ್ರ ಸರಕಾರದ ಪುರಾತತ್ವ ಇಲಾಖೆಗೆ ಒಪ್ಪಿಸಿದರು. ಇಂದು ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಸ್ತುಗಳಿವೆ. ಪ್ರದರ್ಶನದಲ್ಲಿರುವುವು ಸುಮಾರು 2,500. ಇವುಗಳಲ್ಲಿ ಬಹುಪಾಲು 18, 19ನೆಯ ಶತಮಾನಗಳವು. ಕಟ್ಟುನಿಟ್ಟಾದ ಅರ್ಥದಲ್ಲಿ ಮಧ್ಯಯುಗದ ಕೊನೆಯ ಅಂಚು. ಆದರೆ ಅಡಿಗೆಮನೆಯ ಚರಿತ್ರೆ ಅರಮನೆಯ ಚರಿತ್ರೆಯಷ್ಟು ಬೇಗ ಬದಲಾಗುವುದಿಲ್ಲ. 1750ರ ಒರಳಿಗೂ 1350ರ ಒರಳಿಗೂ ಅಜ್ಜಿಯ ದೃಷ್ಟಿಯಲ್ಲಿ ಅಂತರವಿರಲಾರದು.

ಎಲ್ಲವನ್ನೂ ನೋಡುವ ಹಟ ಬೇಡ. ಕೋಥರೂಡದಿಂದ ತಂದು ಮರುಜೋಡಿಸಿರುವ ಮಸ್ತಾನಿ ಮಹಲನ್ನು ಎಲ್ಲರೂ ನೋಡಿಯೇ ನೋಡುತ್ತಾರೆ. ಆ ಬಗ್ಗೆ ಹೇಳಬೇಕಾದುದಿಲ್ಲ. ನನ್ನ ಮತದಲ್ಲಿ ಕನ್ನಡ ಕುಟುಂಬವೊಂದು ಹೆಚ್ಚು ಹೊತ್ತು ನಿಲ್ಲಬೇಕಾದುದು ದೀಪಗಳ ಮುಂದೆ, ಪಾತ್ರೆಗಳ ಮುಂದೆ, ತಾಂಬೂಲದ ಉಪಕರಣಗಳ ಮುಂದೆ.

ದೀಪಗಳನ್ನೇ ತೆಗೆದುಕೊಳ್ಳೋಣ. ತೂಗುದೀಪ, ಕೈದೀಪ, ಆರತಿ, ಎತ್ತರದ ಕಾಲುದೀಪ. ಮರಾಠಿಯಲ್ಲಿ ‘ಸಮಈ’ ಎನ್ನುವುದನ್ನೇ ಧಾರವಾಡದ ಕಡೆ ‘ಸಮೆ’ ಎನ್ನುತ್ತೇವೆ. ಮಣ್ಣಿನ ಪುಟ್ಟ ದೀಪಕ್ಕೆ ನಾವು ‘ಹಣತೆ’ ಎಂದರೆ ನೆರೆಯವರು ‘ಪಣತಿ’ ಎನ್ನುತ್ತಾರೆ. ಇಲ್ಲಿ ನಿಂತು ಮಕ್ಕಳಿಗೆ ಒಂದು ಸಣ್ಣ ಪಾಠ ಹೇಳಬಹುದು. ಹಳಗನ್ನಡದಲ್ಲಿ ಪದದ ಆದಿಯಲ್ಲಿದ್ದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಮರಾಠಿಯಲ್ಲಿ ಈ ಬದಲಾವಣೆ ಆಗಲಿಲ್ಲ. ಹಣತೆ, ಪಣತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಮನೆಯ ಇಬ್ಬರು ಮಕ್ಕಳಂತೆ ಕಾಣುತ್ತವೆ. ಮಧ್ಯಯುಗದ ಒಂದು ಘಟನೆ ನಮ್ಮ ಬಾಯಲ್ಲಿ ಇಂದಿಗೂ ನಡೆಯುತ್ತಿದೆ ಎಂಬುದು ಹತ್ತು ವರ್ಷದ ಹುಡುಗನಿಗೂ ತಿಳಿಯುತ್ತದೆ. ಅವನಿಗೆ ಎರಡೂ ಭಾಷೆ ಬರುವುದರಿಂದ ಈ ಪಾಠ ಬೆಂಗಳೂರಿನ ಹುಡುಗನಿಗಿಂತ ಅವನಿಗೇ ಸುಲಭ.

ಪಾತ್ರೆಗಳ ವಿಭಾಗ ಅಜ್ಜಿಯರ ರಾಜ್ಯ. ಯಾವ ಸಂಗ್ರಹಾಲಯದಲ್ಲಿಯೂ ಚೀಟಿಯ ಮೇಲೆ ಇರುವುದು ವಸ್ತುವಿನ ಹೆಸರು, ಊರು, ಶತಮಾನ ಮಾತ್ರ. ಅದನ್ನು ಯಾವ ಕೈಯಿಂದ ಹಿಡಿಯುತ್ತಿದ್ದರು, ಎಷ್ಟು ಭಾರ, ಮದುವೆಗೆ ಯಾರು ಕೊಡುತ್ತಿದ್ದರು, ಹುಣಿಸೆಹಣ್ಣಿನಿಂದ ತಿಕ್ಕುತ್ತಿದ್ದರೋ ಬೂದಿಯಿಂದಲೋ ಎಂಬುದನ್ನು ಚೀಟಿ ಹೇಳದು. ಅದನ್ನು ಹೇಳಬಲ್ಲವರು ನಮ್ಮ ಜೊತೆಯಲ್ಲಿಯೇ ಇದ್ದಾರೆ. ಆದರೆ ಅವರನ್ನು ನಾವು ‘ನೀವು ಇಲ್ಲಿಯೇ ಕೂತಿರಿ ಅಮ್ಮಾ, ನಾವು ನೋಡಿಕೊಂಡು ಬರುತ್ತೇವೆ’ ಎಂದು ಬಾಗಿಲಲ್ಲಿ ಬಿಟ್ಟು ಹೋಗುತ್ತೇವೆ! ಬೇರೆ ಕೋಣೆಗಳನ್ನು ಬಿಟ್ಟರೂ ಚಿಂತೆಯಿಲ್ಲ. ಹಿರಿಯರನ್ನು ಈ ಕೋಣೆಗೆ ನಿಧಾನವಾಗಿಯಾದರೂ ಕರೆತರಬೇಕು. ಇಲ್ಲಿ ಅವರೇ ಗುರುಗಳು.

ನಮ್ಮ ಸಂಘದಂತಹ ಕಡೆ ಈ ಪಾಠಕ್ಕೆ ಇನ್ನೊಂದು ರುಚಿಯಿದೆ. ನೀರು ಕುಡಿಯುವ ಪಾತ್ರೆ ಬೆಳಗಾವಿಯವರಿಗೆ ತಂಬಿಗೆ, ಮೈಸೂರಿನವರಿಗೆ ಚೆಂಬು, ಮರಾಠಿಯಲ್ಲಿ ತಾಂಬ್ಯಾ. ತಂಬಿಗೆಯಲ್ಲಿಯೂ ತಾಂಬ್ಯಾದಲ್ಲಿಯೂ ತಾಮ್ರವೇ ಅಡಗಿದೆ. ತೆಂಗಿನಕಾಯಿ ತುರಿಯುವ ಸಾಧನ ಕೆಲವರಿಗೆ ತುರಿಯುವ ಮಣೆ, ಕರಾವಳಿಯವರಿಗೆ ಹೆರೆಮಣೆ. ನಮ್ಮ ಈಳಿಗೆ ಮರಾಠಿಗರ ವಿಳೀ. ಮೂರು ಸೀಮೆಯ ಮೂವರು ಅಜ್ಜಿಯರು ಒಂದೇ ಗಾಜಿನ ಪೆಟ್ಟಿಗೆಯ ಮುಂದೆ ನಿಂತರೆ ಆಗುವ ವಾಗ್ವಾದ ಯಾವ ವಿಚಾರಸಂಕಿರಣಕ್ಕೂ ಕಡಿಮೆಯಲ್ಲ.

ಪಾತ್ರೆಗಳಿಗೂ ಆರೋಗ್ಯಕ್ಕೂ ಇದ್ದ ಸಂಬಂಧವನ್ನು ಇಲ್ಲಿ ನೆನೆಯಬೇಕು. ತಾಮ್ರ, ಹಿತ್ತಾಳೆಯ ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕಿಸುತ್ತಿದ್ದುದು ಅಂದಕ್ಕಾಗಿ ಅಲ್ಲ. ಹುಳಿ ಪದಾರ್ಥ ತಾಮ್ರವನ್ನು ಕರಗಿಸುತ್ತದೆ. ಹಾಗೆ ಕರಗಿದ ಲೋಹ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು. ಸಾರು, ಮಜ್ಜಿಗೆಹುಳಿಗಳ ನಾಡಿನಲ್ಲಿ ಕಲಾಯಿಯವನು ವೈದ್ಯನಷ್ಟೇ ಬೇಕಾದವನಾಗಿದ್ದ. ಆದರೆ ಬರಿಯ ನೀರಿನ ಮಾತು ಬೇರೆ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇರಿಸಿದ ನೀರಿನಲ್ಲಿ ಅತಿಸಾರವನ್ನುಂಟುಮಾಡುವ ಬ್ಯಾಕ್ಟೀರಿಯಗಳು ನಾಶವಾಗುವುದನ್ನು ಬೆಂಗಳೂರಿನ ಸಂಶೋಧಕರು ಪ್ರಯೋಗಶಾಲೆಯಲ್ಲಿ ಕಂಡು 2012ರಲ್ಲಿ ಪ್ರಕಟಿಸಿದ್ದಾರೆ. ಹಾಗೆಂದು ಕೊಳಕು ನೀರನ್ನು ತಾಮ್ರಕ್ಕೆ ಸುರಿದು ನಿಶ್ಚಿಂತರಾಗಬಾರದು. ಈ ಕೊಡಗಳಿಗೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಮಕ್ಕಳು ಕೇಳಿದರೆ ಕಾತ್ರಜದ ಕಥೆಯನ್ನು ಹೇಳಬಹುದು. 1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ಕಾತ್ರಜದ ಕೆರೆಯಿಂದ ನೆಲದೊಳಗಿನ ಕಾಲುವೆಯ ಮೂಲಕ ನಗರದ ಹೌದುಗಳಿಗೆ ನೀರು ಹರಿಯಿಸಿದ.

ಚೆಲುವಾದ ವಸ್ತುಗಳನ್ನು ಕಂಡು ‘ಆ ಕಾಲವೇ ಚೆನ್ನಾಗಿತ್ತು’ ಎಂದು ನಿಟ್ಟುಸಿರು ಬಿಡುವವರು ಬೀಸುವ ಕಲ್ಲಿನ ಮುಂದೆ ತುಸು ನಿಲ್ಲಲಿ. ನಸುಕಿನಲ್ಲೆದ್ದು ಹಿಟ್ಟು ಬೀಸಿ, ನೀರು ಸೇದಿ, ಹೊಗೆಯಲ್ಲಿ ಬೇಯಿಸಿದ ಹೆಂಗಸಿನ ಬೆನ್ನು, ಕಣ್ಣು, ಶ್ವಾಸಕೋಶಗಳು ಏನಾಗುತ್ತಿದ್ದುವು ಎಂಬುದನ್ನು ಯಾವ ಸಂಗ್ರಹಾಲಯವೂ ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ಸೌದೆಯ ಹೊಗೆ ದೀರ್ಘಕಾಲದ ಶ್ವಾಸಕೋಶ ರೋಗಕ್ಕೆ ಕಾರಣವೆಂಬುದು ಈಗ ಸಿದ್ಧವಾದ ಸಂಗತಿ. ಬೀಸುವಾಗ ಹಾಡುತ್ತಿದ್ದ ಪದಗಳು ಕನ್ನಡದಲ್ಲಿಯೂ ಇವೆ, ಮರಾಠಿಯ ಓವಿಗಳಲ್ಲಿಯೂ ಇವೆ. ಅಜ್ಜಿಗೆ ಒಂದೆರಡು ನೆನಪಿದ್ದರೆ ಅಲ್ಲಿಯೇ ಮೆಲ್ಲನೆ ಹೇಳಿಸಬೇಕು, ಕಾವಲುಗಾರರು ಬೇಡವೆನ್ನಲಾರರು.

ಮುಂದೆ ಅಡಕೊತ್ತುಗಳು. ಒಂದರಂತೆ ಒಂದಿಲ್ಲ. ಹಿತ್ತಾಳೆಯ, ಕಬ್ಬಿಣದ ಈ ಪುಟ್ಟ ಉಪಕರಣಗಳ ಮೇಲೆ ಕುಶಲಿಗಳು ತಮ್ಮ ಕಲ್ಪನೆಯನ್ನೆಲ್ಲ ಸುರಿದಿದ್ದಾರೆ. ಮರಾಠಿಯ ‘ಅಡಕಿತ್ತಾ’ ಎಂಬ ಹೆಸರಿನಲ್ಲಿ ನಮ್ಮ ಅಡಕೆ ಇರುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವರ ‘ತೂಪ’ದಲ್ಲಿ ನಮ್ಮ ತುಪ್ಪವಿರುವಂತೆ ಇದೂ ಗಡಿ ದಾಟಿ ಹೋದ ಮಾತು. ಅಡಕೆ ಮಲೆನಾಡಿನ, ಕರಾವಳಿಯ ಬಾಳು. ನಮ್ಮಲ್ಲಿ ಹಲವರ ಓದು ಅಡಕೆಯ ತೋಟದ ಹಣದಿಂದಲೇ ನಡೆದಿದೆ. ಆದುದರಿಂದ ಈ ಮಾತನ್ನು ಹೇಳಲು ನಾಲಗೆ ಹಿಂದೆಗೆಯುತ್ತದೆ; ಆದರೆ ಆರೋಗ್ಯದ ಲೇಖನಗಳಿಗೆ ಸ್ಥಳವಿರುವ ಸಂಚಿಕೆಯಲ್ಲಿ ಹೇಳದಿರಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಬೆರೆಸದ ಬರಿಯ ಅಡಕೆಯೂ ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುತ್ತದೆಂದು ನಿರ್ಣಯಿಸಿದೆ. ಸದಾ ಅಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ ಬರುತ್ತದೆ. ಅದು ಮುಂದೆ ಬಾಯಿಯ ಅರ್ಬುದಕ್ಕೆ ತಿರುಗಬಹುದು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗದಿದ್ದರೆ, ಬಾಯಲ್ಲಿ ಉರಿಯಿದ್ದರೆ, ಬಿಳಿಯ ಅಥವಾ ಕೆಂಪು ಮಚ್ಚೆಯಿದ್ದರೆ, ವಾರಗಟ್ಟಲೆ ಮಾಯದ ಹುಣ್ಣಿದ್ದರೆ ದಂತವೈದ್ಯರನ್ನು ಕಾಣಬೇಕು. ಪೂಜೆಯ ತಾಂಬೂಲ ಒಂದು ಮಾತು. ಕಚೇರಿಯ ಮೂಲೆಮೂಲೆಯಲ್ಲಿ ಹರಿದು ಬಿದ್ದಿರುವ ಗುಟ್ಕಾ ಪೊಟ್ಟಣ ಇನ್ನೊಂದು. ಅಡಕೊತ್ತನ್ನು ಕಂಡು ಮೆಚ್ಚುವ ಮಕ್ಕಳಿಗೆ ಈ ಎರಡನೆಯದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡುವುದು ಒಳ್ಳೆಯದು.

‘ವಜ್ರಿ’ ಎಂಬ ಅಂಗಾಲು ತಿಕ್ಕುವ ಸಾಧನವನ್ನು ಹುಡುಕಿ ನೋಡಿ. ಕೆಳಗೆ ಒರಟು ತಳ, ಮೇಲೆ ಕೈಯಲ್ಲಿ ಹಿಡಿಯಲು ಅಲಂಕಾರದ ಮೂರ್ತಿ. ಬರಿಗಾಲಲ್ಲಿ ನಡೆದ ಕಾಲದವರು ಹಿಮ್ಮಡಿಯ ಒಡಕನ್ನು ಎಷ್ಟು ಗಂಭೀರವಾಗಿ ಪರಿಗಣಿಸಿದ್ದರೆಂಬುದಕ್ಕೆ ಇದು ಸಾಕ್ಷಿ. ಇಂದು ನಮ್ಮ ಮನೆಗಳಲ್ಲಿ ಮಧುಮೇಹಿಗಳು ಬಹಳ. ಅವರು ಒರಟು ವಸ್ತುವಿನಿಂದ ಅಂಗಾಲು ತಿಕ್ಕಬಾರದು. ಕಾಲಿನ ಸ್ಪರ್ಶಜ್ಞಾನ ಮಂದವಾಗಿರುವುದರಿಂದ ಗಾಯವಾದರೂ ಅವರಿಗೆ ತಿಳಿಯದು. ಇದೇ ಕಾರಣದಿಂದ ಪಾತಾಳೇಶ್ವರದ ಅಂಗಳದಲ್ಲಿಯೂ ಎಚ್ಚರ ಬೇಕು. ಚಪ್ಪಲಿ ಕಳಚಿ ನಡೆಯುವ ಕಪ್ಪು ಕಲ್ಲು ಚೈತ್ರ ವೈಶಾಖದ ಮಧ್ಯಾಹ್ನ ಕಾವಲಿಯಂತೆ ಕಾಯುತ್ತದೆ. ಮೊಮ್ಮಗ ಕುಣಿದು ನೆರಳಿಗೆ ಓಡುತ್ತಾನೆ; ಮಧುಮೇಹಿಯಾದ ಅಜ್ಜ ಏನೂ ಅರಿಯದೆ ನಿಂತಿರುತ್ತಾನೆ, ಬೊಬ್ಬೆ ಎದ್ದುದು ರಾತ್ರಿ ತಿಳಿಯುತ್ತದೆ. ಆದುದರಿಂದ ಅಲ್ಲಿಗೆ ಬೆಳಗ್ಗೆ ಬೇಗನೆ ಹೋಗಬೇಕು. ಮನೆಗೆ ಬಂದ ಮೇಲೆ ಅಂಗಾಲನ್ನು ಬೆಳಕಿನಲ್ಲಿ ಪರೀಕ್ಷಿಸಿಕೊಳ್ಳಬೇಕು.

ಸಂಗೀತವಾದ್ಯಗಳ ವಿಭಾಗವನ್ನು ಹಾದುಹೋಗುವಾಗ ಒಂದು ಮಾತು ಸಾಕು. ಗದುಗಿನ ನಾಡಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಕುಂದಗೋಳದ ಗುರುಗಳ ಹೆಸರಿನಲ್ಲಿ ಇಲ್ಲಿ ಸವಾಯಿ ಗಂಧರ್ವ ಉತ್ಸವ ನಡೆಸಿದುದನ್ನು ಪುಣೆಯ ಮಗುವೂ ಬಲ್ಲದು. ತಂಬೂರಿಯನ್ನು ತೋರಿಸಿ ಆ ಎರಡು ಊರುಗಳನ್ನು ಹೆಸರಿಸಿದರೆ ಆಯಿತು.

ಇನ್ನು ದಣಿವಿನ ಮಾತು. ಸಂಗ್ರಹಾಲಯದಲ್ಲಿ ಬರುವ ದಣಿವು ಸೋಮಾರಿತನವಲ್ಲ. ಬಾಸ್ಟನ್ನಿನ ಕಲಾಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು 1916ರಷ್ಟು ಹಿಂದೆಯೇ ಈ ಬಗ್ಗೆ ಬರೆದರು. ವಸ್ತುಗಳನ್ನು ಸರಿಯಾಗಿ ನೋಡಲು ಮನುಷ್ಯ ಎಷ್ಟು ಬಾಗಬೇಕು, ಹೇಗೆ ಕತ್ತು ತಿರುಚಬೇಕು, ಎಲ್ಲಿ ಕುಕ್ಕರಿಸಬೇಕು ಎಂಬುದನ್ನು ಛಾಯಾಚಿತ್ರಗಳಿಂದ ತೋರಿಸಿ, ದೋಷವಿರುವುದು ನೋಡುಗರಲ್ಲಲ್ಲ, ಪೆಟ್ಟಿಗೆಗಳ ಎತ್ತರ ತಗ್ಗುಗಳಲ್ಲಿ ಎಂದು ವಾದಿಸಿದರು. ನಿಂತು ನಿಂತು ಹೆಜ್ಜೆಯಿಡುವುದು ಒಂದೇ ಸಮನೆ ನಡೆಯುವುದಕ್ಕಿಂತ ಕಾಲುಗಳಿಗೆ ಹೆಚ್ಚು ಭಾರ. ಹಳೆಯ ವಾಡೆಯಾದುದರಿಂದ ಕೇಳಕರ ಸಂಗ್ರಹಾಲಯದಲ್ಲಿ ಮಾಳಿಗೆಗಳನ್ನು ಹತ್ತಿ ಇಳಿಯಬೇಕು. ಮೊಣಕಾಲು ನೋವಿರುವವರು ಹತ್ತುವಾಗ ಗಟ್ಟಿಯಾದ ಕಾಲನ್ನು, ಇಳಿಯುವಾಗ ನೋಯುವ ಕಾಲನ್ನು ಮುಂದಿಡಬೇಕು; ಕೈಪಿಡಿಯನ್ನು ಬಿಡಬಾರದು. ಒಂದು ಸಲಕ್ಕೆ ಒಂದೂಕಾಲು ಗಂಟೆ ಸಾಕು. ನಡುವೆ ಹತ್ತು ನಿಮಿಷ ಕುಳಿತು ನೀರು ಕುಡಿಯಬೇಕು. ಮಧುಮೇಹಿಗಳು ಉಪವಾಸ ಹೋಗಬಾರದು, ಒಂದಿಷ್ಟು ತಿಂಡಿ ಜೇಬಿನಲ್ಲಿರಲಿ. ತಿನ್ನುವುದು ಮಾತ್ರ ಹೊರಗೆ ಬಂದು. ಓದುವ ಕನ್ನಡಕವನ್ನು ಮನೆಯಲ್ಲಿ ಮರೆತು ಬರುವ ಹಿರಿಯರು ಅರ್ಧ ಸಂಗ್ರಹಾಲಯವನ್ನು ಕಳೆದುಕೊಳ್ಳುತ್ತಾರೆ. ಎಂಟು ವರ್ಷದೊಳಗಿನ ಮಕ್ಕಳಿಗೆ ‘ಎಲ್ಲವನ್ನೂ ನೋಡು’ ಎನ್ನದೆ, ‘ಪ್ರಾಣಿಯ ಆಕಾರದ ಐದು ವಸ್ತು ಹುಡುಕು’ ಎಂದರೆ ಅವರೇ ನಮ್ಮನ್ನು ಎಳೆದೊಯ್ಯುತ್ತಾರೆ.

ದೊಡ್ಡ ಮಕ್ಕಳ ಕೈಗೆ ಒಂದು ನೋಟುಬುಕ್ಕು ಕೊಡಬೇಕು. ಪುಟವನ್ನು ನಾಲ್ಕು ಪಾಲು ಮಾಡಿ, ಮೊದಲನೆಯದರಲ್ಲಿ ವಸ್ತುವಿನ ಚಿತ್ರ, ಎರಡನೆಯದರಲ್ಲಿ ಅಜ್ಜಿ ಹೇಳಿದ ಕನ್ನಡ ಹೆಸರು, ಮೂರನೆಯದರಲ್ಲಿ ಮರಾಠಿ ಹೆಸರು, ಕೊನೆಯದರಲ್ಲಿ ಅದರ ಉಪಯೋಗ. ಹೆಸರನ್ನು ಬರೆದುಕೊಳ್ಳುವಾಗ ಅಜ್ಜಿಯ ಊರನ್ನೂ ಬರೆಯಬೇಕು. ಹೆಸರು ಊರಿನಿಂದ ಊರಿಗೆ ಬದಲಾಗುತ್ತದೆ. ಚಿತ್ರ ಕೈಯಿಂದಲೇ ಬಿಡಿಸಿದರೆ ಮೇಲು, ಏಕೆಂದರೆ ಬಿಡಿಸುವವನು ನೋಡಲೇಬೇಕು. ಮೊದಲ ಭೇಟಿಗೆ ಹನ್ನೆರಡು ವಸ್ತು ಸಾಕು. ನಾಲ್ಕಾರು ಕುಟುಂಬಗಳು ಕೂಡಿ ಹೋದರೆ, ಅನಂತರ ಯಾರಾದರೊಬ್ಬರ ಮನೆಯಲ್ಲಿ ಸೇರಿ ಪುಸ್ತಕಗಳನ್ನು ಹೋಲಿಸಿ ನೋಡಬಹುದು. ಒಂದೇ ಸೌಟಿಗೆ ನಾಲ್ಕು ಹೆಸರು ಬಂದಿದ್ದರೆ ನಾಲ್ಕನ್ನೂ ಉಳಿಸಿಕೊಳ್ಳಬೇಕು. ಹೊರಡುವ ಮುನ್ನ ಸಂಗ್ರಹಾಲಯದ ವೇಳೆಯನ್ನೂ ರಜಾದಿನವನ್ನೂ ವಿಚಾರಿಸಿಕೊಳ್ಳುವುದು ಒಳಿತು. ರವಿವಾರದ ಮಧ್ಯಾಹ್ನಕ್ಕಿಂತ ವಾರದ ನಡುವಿನ ಬೆಳಗ್ಗೆ ಜನ ಕಡಿಮೆ. ಅಜ್ಜಿಯ ಮಾತು ಕೇಳಿಸುತ್ತದೆ.